ನನ್ನ ಮಗಳ ಡಬ್ಬಿಯಲ್ಲಿ ಸಿಪ್ಪೆ ಇರಲಿ ಬಿಡಿ

ಶಾಲಾ ಮಕ್ಕಳ ಪೌಷ್ಟಿಕ ಆಹಾರ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಸೋಮವಾರದಿಂದ ನನ್ನ ಆರು ವರ್ಷದ ಮಗಳನ್ನು ತಾವು ‘ವಿಶೇಷ ಊಟದ ಕೋಣೆ’ಗೆ ಹಾಕಲಿದ್ದೀರಿ. ಅಲ್ಲಿ ಅವಳ ಪಕ್ಕದಲ್ಲಿ ಒಬ್ಬರು ಕೂತು ತಮ್ಮ ಕಚೇರಿ ಕಳುಹಿಸುವ ಪೌಷ್ಟಿಕ ಮಿಶ್ರಣವನ್ನು ಚಮಚದಲ್ಲಿ ಬಾಯಿಗಿಡುತ್ತಾರಂತೆ. ಬಟ್ಟಲು ಖಾಲಿಯಾಗುವವರೆಗೆ ಅವಳು ಏಳುವಂತಿಲ್ಲವಂತೆ. ಅವಳು ಮಾಡಿದ ಅಪರಾಧವೇನೆಂದು ಈ ಪತ್ರ ಓದುವ ಉಳಿದವರಿಗೂ ತಿಳಿಯಲಿ: ಅವಳು ಬಾಳೆಹಣ್ಣನ್ನು ಸಿಪ್ಪೆ ಸಮೇತ ಶಾಲೆಗೆ ತಂದಳು. ಕಿತ್ತಳೆಯನ್ನು ಇಡಿಯಾಗಿ ತಂದಳು. ಬೇಯಿಸಿದ ಆಲೂಗಡ್ಡೆಯನ್ನು ಸುಲಿಯದೆ, ಕಡಲೆಕಾಯಿಯನ್ನು ಬಿಡಿಸದೆ, ಬಟಾಣಿಯನ್ನು ಕಾಯಿಯಲ್ಲೇ ತಂದಳು. ತಮ್ಮ ನಿಯಮದ ಪ್ರಕಾರ ಇದು ‘ತಯಾರಿಸದ ಆಹಾರ’, ಅಂದರೆ ‘ಪೋಷಕರ ನಿರ್ಲಕ್ಷ್ಯ’.

ನಿರ್ಲಕ್ಷ್ಯ ಮಾಡಿದ ಆ ಪೋಷಕ ನಾನೇ. ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಈ ಪತ್ರವನ್ನು ಕೌಂಟರಿನ ಮೇಲೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಬಾಗಿಲವರೆಗೆ ಹೋಗಿ ಬರಬೇಕೆನಿಸುತ್ತದೆ. ಬೆಳಿಗ್ಗೆಯಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಡಬ್ಬಗಳ ನಡುವೆ ಓಡಾಡುತ್ತಿದ್ದೇನೆ. ಮಲಗುವ ಕೋಣೆಗೆ ತಿಳಿನೀಲಿ ಕೇಳಿದ ಒಬ್ಬರಿಗೆ ಬೂದುಬಣ್ಣ ಬೆರೆಸಿ ಕೊಟ್ಟು ಬೈಸಿಕೊಂಡೂ ಆಯಿತು. ಆದ್ದರಿಂದ ವಾಕ್ಯಗಳು ಅಲ್ಲಲ್ಲಿ ಎಡವಿದರೆ ಕ್ಷಮಿಸಬೇಕು.

ಮೊದಲು ನಮ್ಮ ಮನೆಯ ವಿಷಯ. ನಮ್ಮ ಅಡುಗೆಯಲ್ಲಿ ಗಿಡದಿಂದ ಬಂದದ್ದನ್ನು ಬಿಟ್ಟು ಬೇರೇನೂ ಇಲ್ಲ. ಮೊದಲಿನಿಂದ ಹೀಗೇನಿರಲಿಲ್ಲ. ದೊಡ್ಡ ಮಗನಿಗೆ ಹಾಲು, ಮೊಟ್ಟೆ ಮೈಗೆ ಆಗುವುದಿಲ್ಲವೆಂದು ಗೊತ್ತಾದದ್ದು ಅವನ ಮುಖವೆಲ್ಲ ಊದಿಕೊಂಡು, ಉಸಿರು ಎಳೆಯಲಾಗದೆ ಆಸ್ಪತ್ರೆಗೆ ಓಡಿದ ದಿನ. ವಾಪಸು ಬಂದವಳೇ ನನ್ನ ಹೆಂಡತಿ ಹೇಳಿದಳು: “ಒಂದೇ ಮನೇಲಿ ಎರಡು ಅಡುಗೆ ನನ್ನ ಕೈಲಾಗಲ್ಲ ರೀ. ಅವನು ಏನು ತಿಂತಾನೋ ಅದನ್ನೇ ಎಲ್ರೂ ತಿನ್ನೋಣ.” ಮಾಂಸವೂ ಆ ಸಂದಡಿಯಲ್ಲೇ ಹೋಯಿತು. ಅವಳು ಸಿಟಿ ಬಸ್ಸು ಓಡಿಸುವವಳು. ಒಮ್ಮೆ ತಿರುವು ತೆಗೆದುಕೊಂಡಳೆಂದರೆ ಮುಗಿಯಿತು. ಕಾಳು, ಬೀನ್ಸು, ಸೊಪ್ಪು, ಗೆಡ್ಡೆಗಳಿಗೆ ನಾವೆಲ್ಲ ಹೊಂದಿಕೊಂಡೆವು. ಮೂಗು ಮುರಿಯುತ್ತಿದ್ದ ನನ್ನ ಅಮ್ಮ ಕೂಡ ಹೊಂದಿಕೊಂಡಳು.

ಹೊಂದಿಕೊಳ್ಳದವಳು ಚಿಕ್ಕವಳು. ಮನೆಯಲ್ಲಿ ಅವಳಿಗೆ ಇನ್‌ಸ್ಪೆಕ್ಟರಮ್ಮ ಎಂದೇ ಹೆಸರು. ತಟ್ಟೆ ಮುಂದೆ ಬಂದರೆ ಮೊದಲು ಬಗ್ಗಿ ನೋಡುತ್ತಾಳೆ, ಆಮೇಲೆ ಮೂಸುತ್ತಾಳೆ, ಆಮೇಲೆ ಬೆರಳ ತುದಿಯಿಂದ ಒತ್ತುತ್ತಾಳೆ. ಇಷ್ಟೆಲ್ಲ ತನಿಖೆಯ ನಂತರ ಅವಳು ಮಂಜೂರು ಮಾಡುತ್ತಿದ್ದದ್ದು ಬಿಳಿಯದನ್ನು ಮಾತ್ರ. ಅನ್ನ, ಹಿಸುಕಿದ ಆಲೂಗಡ್ಡೆ, ಅಂಚು ಕಿತ್ತ ಬ್ರೆಡ್ಡು, ಬಾಳೆಹಣ್ಣು. ಅನ್ನದಲ್ಲಿ ಸೊಪ್ಪಿನ ಒಂದು ಎಳೆ ಕಂಡರೂ ತಟ್ಟೆ ದೂರ ಸರಿಯುತ್ತಿತ್ತು. “ಹಸಿವಾದ್ರೆ ತಾನೇ ತಿಂತಾಳೆ, ಬಿಡ್ರೋ,” ಎನ್ನುವುದು ಅಮ್ಮನ ವಾದ. ಹಸಿವಾದರೂ ಅವಳು ತಿನ್ನುತ್ತಿರಲಿಲ್ಲ. ನಮಗೇ ಹೊಟ್ಟೆ ಚುರ್ರೆನ್ನುತ್ತಿತ್ತು.

ಅಂಥ ಹೊತ್ತಿಗೆ ಶಾಲೆಯಿಂದ ತಮ್ಮ ಕಚೇರಿಯ ಕೈಪಿಡಿ ಬಂತು. ನುಣುಪಾದ ಕಾಗದ, ಹೊದಿಕೆಯ ಮೇಲೆ ನಗುವ ಟೊಮೆಟೊ. ಹಟಮಾರಿ ಮಕ್ಕಳಿಗೆ ತರಕಾರಿ, ಕಾಳು ತಿನ್ನಿಸುವುದು ಹೇಗೆ ಎಂದು ಅದರಲ್ಲಿ ತಾವು ವಿವರಿಸಿದ್ದೀರಿ. ಮಗು ಇಷ್ಟಪಡುವ ತಿನಿಸಿನಲ್ಲಿ ಇಷ್ಟಪಡದ್ದನ್ನು ನುಣ್ಣಗೆ ರುಬ್ಬಿ, ಮಗುವಿಗೆ ಗೊತ್ತಾಗದಂತೆ ಬೆರೆಸಿ ಎಂದಿದ್ದೀರಿ. ಮುಂದಿನ ಪುಟದಲ್ಲಿ, ದಪ್ಪಕ್ಷರದಲ್ಲಿ: “ರುಚಿ ಅಭ್ಯಾಸವಾದ ಮೇಲೆ ಗುಟ್ಟನ್ನು ಸಂತೋಷದಿಂದ ಬಿಟ್ಟುಕೊಡಿ. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿ ಮಗುವನ್ನು ಅಭಿನಂದಿಸಿ. ಮಗು ಹೆಮ್ಮೆಪಡುತ್ತದೆ.” ಈ ವಾಕ್ಯ ಬರೆದ ಪುಣ್ಯಾತ್ಮರ ಮನೆಯಲ್ಲಿ ಮಕ್ಕಳಿದ್ದಾರೆಯೇ? ಇದ್ದರೆ ಅವರು ಈಗ ಏನು ತಿನ್ನುತ್ತಿದ್ದಾರೆ? ವ್ಯಂಗ್ಯವಲ್ಲ ಮಾನ್ಯರೇ, ತಿಳಿದುಕೊಳ್ಳುವ ಆಸೆ.

ಇಲ್ಲಿ ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಜನ ಗೋಡೆಯ ಒಂದು ಚೂರು ಕಿತ್ತು ತಂದು ಕೌಂಟರಿನ ಮೇಲಿಟ್ಟು “ಇದೇ ಬಣ್ಣ ಬೇಕು” ಎನ್ನುತ್ತಾರೆ. ಹಳೆಯ ಗೋಡೆಗೂ ಹೊಸ ತೇಪೆಗೂ ವ್ಯತ್ಯಾಸ ಕಾಣದಂತೆ ಬೆರೆಸಿ ಕೊಡುವುದು ನನ್ನ ಕೆಲಸ. ಬಿಳಿ ಎನ್ನುವುದು ಒಂದೇ ಅಲ್ಲ. ಆಲೂಗಡ್ಡೆಯ ಬಿಳಿಯಲ್ಲಿ ತೊಟ್ಟು ಹಳದಿ ಇದೆ, ಹೂಕೋಸಿನ ಬಿಳಿಯಲ್ಲಿ ಅದಿಲ್ಲ, ಬಿಳಿ ಬೀನ್ಸು ರುಬ್ಬಿದರೆ ಸ್ವಲ್ಪ ಬೂದು ತಿರುಗುತ್ತದೆ. ತಮ್ಮ ಕೈಪಿಡಿ ಬೇರೆ ಯಾರ ಕೈಗೆ ಸಿಕ್ಕಿದ್ದರೂ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದರು. ಮಗು ಕಿರುಚುತ್ತಿತ್ತು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅದು ಬಣ್ಣ ಹೊಂದಿಸುವವನ ಕೈಗೆ ಸಿಕ್ಕಿತು. ಹೂಕೋಸು, ಬೀನ್ಸು, ನೆನೆಸಿದ ಗೋಡಂಬಿ, ಎಲ್ಲವನ್ನೂ ರುಬ್ಬಿ, ಬೂದು ಹೋಗುವಷ್ಟೇ ಕುಂಬಳಕಾಯಿ ಸೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಲೂಗಡ್ಡೆಗೆ ಬೆರೆಸಿದೆ. ಇನ್‌ಸ್ಪೆಕ್ಟರಮ್ಮ ಬಗ್ಗಿ ನೋಡಿದಳು, ಮೂಸಿದಳು, ಒತ್ತಿದಳು, ತಿಂದಳು. ವಾರಗಟ್ಟಲೆ ತಿಂದಳು. ಕೆನ್ನೆ ತುಂಬಿಕೊಂಡವು. ಹೆಂಡತಿ ನನ್ನ ಬೆನ್ನು ತಟ್ಟಿದಳು. ನಾನು ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ತಮ್ಮ ಕೈಪಿಡಿಯನ್ನು ಹೊಗಳಿದೆ!

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮುಂದಿನ ಪುಟ ಇತ್ತಲ್ಲ.

ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ತಾವು ಹೇಳಿದಂತೆಯೇ ಸಂತೋಷದಿಂದ ಗುಟ್ಟು ಬಿಟ್ಟುಕೊಟ್ಟೆವು. “ಪುಟ್ಟಿ, ನೀನು ಇಷ್ಟು ದಿನ ಏನು ತಿಂದೆ ಗೊತ್ತಾ? ಹೂಕೋಸು! ಬೀನ್ಸು! ಕುಂಬಳಕಾಯಿ!” ಎಂದು ನಾನು ಜಾದೂಗಾರನ ಹಾಗೆ ಕೈ ಚಾಚಿದೆ. ಹೆಂಡತಿ ಚಪ್ಪಾಳೆ ತಟ್ಟಿದಳು. ದೊಡ್ಡ ಮಗ ಮೇಜು ಬಡಿದ. ಅಮ್ಮ ಸಹ, ಏನು ನಡೆಯುತ್ತಿದೆಯೆಂದು ಪೂರ್ತಿ ಗೊತ್ತಿಲ್ಲದೆ, ಎರಡು ಸಲ ತಟ್ಟಿದಳು.

ಮಗಳು ಚಮಚ ಕೆಳಗಿಟ್ಟಳು. ಅವಳ ಮುಖದಲ್ಲಿ ಹೆಮ್ಮೆಯನ್ನು ನಾನು ಹುಡುಕಿದೆ, ಮಾನ್ಯರೇ. ತಾವು ಬರೆದುಕೊಟ್ಟಿದ್ದಿರಲ್ಲ.

“ಅಮ್ಮಂಗೆ ಗೊತ್ತಿತ್ತಾ?” ಎಂದು ಕೇಳಿದಳು.

“ಗೊತ್ತಿತ್ತು ಪುಟ್ಟಿ.”

“ಅಣ್ಣಂಗೆ?”

“ಹೂಂ.”

“ಅಜ್ಜಿಗೂ ಗೊತ್ತಿತ್ತಾ?”

ನನ್ನ ಅಮ್ಮ ನನ್ನ ಮುಖ ನೋಡಿದಳು.

“ನಂಗೊಬ್ಬಳಿಗೇ ಗೊತ್ತಿರ್ಲಿಲ್ಲ,” ಎಂದಳು. ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳಬಹುದಿತ್ತು. ಕುರ್ಚಿಯಿಂದ ಇಳಿದು, ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡು, ಅದನ್ನು ಸುತ್ತ ತಿರುಗಿಸಿ ಎಲ್ಲಾದರೂ ತೂತಿದೆಯೇ ಎಂದು ನೋಡಿ, ಆಮೇಲೆ ಸುಲಿದು ತಿಂದಳು.

ಆ ದಿನದಿಂದ ಅವಳು ತನ್ನದೇ ಸಿಪ್ಪೆಯೊಳಗೆ ಮುಚ್ಚಿಕೊಂಡಿರುವುದನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಸುಲಿಯುವವಳು ಅವಳೇ ಆಗಬೇಕು. ಅನ್ನ ಹೋಯಿತು, ಬ್ರೆಡ್ಡು ಹೋಯಿತು. ಬಿಳಿಯದರ ಮೇಲೆ ಅವಳಿಗಿದ್ದ ಪ್ರೀತಿಯನ್ನೇ ನಾವು ಹಾಳು ಮಾಡಿದೆವು. ಮೊದಲ ವಾರ ನಾವು ತಲೆ ಮೇಲೆ ಕೈ ಹೊತ್ತು ಕೂತೆವು. ಆಮೇಲೆ ಹೆಂಡತಿ ಡ್ಯೂಟಿ ಮುಗಿಸಿ ಬರುವಾಗ ಸಂತೆಯಿಂದ ಒಂದು ಚೀಲ ತಂದು ಮೇಜಿನ ಮೇಲೆ ಸುರಿದಳು: ಕಡಲೆಕಾಯಿ, ಬಟಾಣಿ, ಸೋಯಾ ಕಾಯಿ, ಹೊದಿಕೆ ಸಮೇತ ಜೋಳದ ತೆನೆ, ಗೆಣಸು, ಕಿತ್ತಳೆ. “ಸಿಪ್ಪೆ ಇರೋದು ಇಷ್ಟೊಂದಿದೆ. ಸುಲ್ಕೊಳಮ್ಮ, ಯಾರು ಬೇಡ ಅಂದ್ರು?” ಎಂದಳು. ಬಟಾಣಿ ಹಸಿರು ಎಂಬುದನ್ನು ಮಗಳು ಗಮನಿಸಲೇ ಇಲ್ಲ. ಕಾಯಿ ತನ್ನ ಕೈಯಲ್ಲೇ ಟಪ್ಪೆಂದು ಬಾಯಿಬಿಟ್ಟಿತಲ್ಲ, ಅವಳಿಗೆ ಅಷ್ಟು ಸಾಕಿತ್ತು. ಸೊಪ್ಪಿನ ಎಳೆ ಕಂಡರೆ ತಟ್ಟೆ ಸರಿಸುತ್ತಿದ್ದವಳು ಸೋಯಾ ಕಾಯಿಗೆ ಅಣ್ಣನೊಂದಿಗೆ ಜಗಳಕ್ಕೆ ನಿಂತಳು.

ಮಕ್ಕಳ ಡಾಕ್ಟರಿಗೂ ತೋರಿಸಿದೆವು. ಅವರು ತೂಕ ನೋಡಿ, ಕಣ್ಣರೆಪ್ಪೆ ಎಳೆದು ನೋಡಿ, “ಕಾಳಿದೆ, ಗೆಡ್ಡೆ ಇದೆ, ಹಣ್ಣಿದೆ. ಸದ್ಯಕ್ಕೆ ನಡೀತದೆ. ಬಲವಂತ ಮಾತ್ರ ಮಾಡ್ಬೇಡಿ, ನಿಧಾನಕ್ಕೆ ಬರ್ತಾಳೆ,” ಎಂದರು. ಹಾಲು ಮೊಟ್ಟೆ ಇಲ್ಲದ ಮನೆಗಳಿಗೆ ಬೇಕಾಗುವ ಒಂದು ವಿಟಮಿನ್ ಹನಿ ಬರೆದುಕೊಟ್ಟರು. ಅದರ ಮೊಹರನ್ನು ಮಗಳೇ ಒಡೆದದ್ದರಿಂದ ಅದನ್ನೂ ಕುಡಿಯುತ್ತಾಳೆ. ಅಂದರೆ, ಮಾನ್ಯರೇ, ತಮ್ಮ ಕೈಪಿಡಿಯಿಂದ ಬಿದ್ದ ಪೆಟ್ಟಿಗೆ ನಮ್ಮ ಮನೆಯಲ್ಲಿ ಹೇಗೋ ಮದ್ದು ಸಿಕ್ಕಿತ್ತು.

ಆದರೆ ಶಾಲೆಯಲ್ಲಿ ಡಬ್ಬಿ ತಪಾಸಣೆ ಎಂಬುದೊಂದನ್ನು ತಾವು ಜಾರಿಗೆ ತಂದಿದ್ದೀರಿ. ತಮ್ಮ ಸುತ್ತೋಲೆಯ ಪ್ರಕಾರ ಡಬ್ಬಿಯಲ್ಲಿರುವುದೆಲ್ಲ ‘ಸುಲಿದು, ಕತ್ತರಿಸಿ, ನೇರವಾಗಿ ಬಾಯಿಗಿಡುವಂತೆ’ ಇರಬೇಕು. ಸಿಪ್ಪೆ ಕಸವಾಗುತ್ತದಂತೆ. ಮಕ್ಕಳು ಊಟಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರಂತೆ. ಮೂರು ಸಲ ಡಬ್ಬಿ ಮುಟ್ಟುಗೋಲಾಯಿತು, ಆಮೇಲೆ ತರುವುದೇ ಬೇಡವೆಂದರು. ಊಟದ ಕೋಣೆಯನ್ನು ನೋಡಿಕೊಳ್ಳುವ ಅಕ್ಕ ಕೆಟ್ಟವರಲ್ಲ. ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, “ನನ್ ಕೈಲೇನಿದೆ ಹೇಳಿ ಸಾರ್. ಮೇಲಿಂದ ಆರ್ಡರು. ಮಗು ಮುಖ ನೋಡಿದ್ರೆ ನಂಗೇ ಊಟ ಸೇರಲ್ಲ,” ಎಂದರು. ಡಬ್ಬಿಯ ಬದಲು ಮಗಳ ಮುಂದೆ ಅವರು ಇಡಬೇಕಾಗಿರುವುದು ತಮ್ಮ ಮಿಶ್ರಣ. ಕಂದು ಬಣ್ಣದ್ದು, ನುಣ್ಣಗೆ ರುಬ್ಬಿದ್ದು.

ನನ್ನ ಮಗಳು ಅದನ್ನು ಬಗ್ಗಿ ನೋಡಿ ಕೇಳಿದಳಂತೆ: “ಇದ್ರಲ್ಲಿ ಏನಿದೆ?”

“ಒಳ್ಳೇದೆಲ್ಲಾ ಇದೆ ಪುಟ್ಟ.”

ಅವಳು ಬಾಯಿ ಬಿಗಿಹಿಡಿದು ಕೂತಳು. ಅಂದಿನಿಂದ ಶಾಲೆಯಲ್ಲಿ ಅವಳ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಮನೆಗೆ ಬಂದು ಬ್ಯಾಗು ಎಸೆದು ಕಡಲೆಕಾಯಿ ಬುಟ್ಟಿಯ ಮುಂದೆ ಕೂರುವ ಅವಳ ಅವಸರ ನೋಡಲಾಗುವುದಿಲ್ಲ. ತುಂಬಿಕೊಂಡಿದ್ದ ಕೆನ್ನೆಗಳು ಮತ್ತೆ ಇಳಿದಿವೆ. ಸಮವಸ್ತ್ರದ ಸೊಂಟಕ್ಕೆ ಹೆಂಡತಿ ಪಿನ್ನು ಹಾಕಿದ್ದಾಳೆ. ನನಗೆ ಭಯವಾಗುತ್ತಿದೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಅವಳ ಪ್ರಶ್ನೆಗೆ ಉತ್ತರ ತರೋಣವೆಂದು ನಾನು ರಜೆ ಹಾಕಿ ತಮ್ಮ ಕಚೇರಿಗೆ ಬಂದೆ. ಕೆಳಗಿನ ಕೌಂಟರಿನಲ್ಲಿ ಕೂತಿದ್ದವರು ತಲೆ ಎತ್ತದೆ, “ದೂರಾದ್ರೆ ಆ ಕಡೆ, ಅರ್ಜಿಯಾದ್ರೆ ಈ ಕಡೆ. ನಿಮ್ದು ಯಾವುದು?” ಎಂದರು.

“ನಂದೊಂದು ಪ್ರಶ್ನೆ ಸಾರ್. ಆ ಮಿಶ್ರಣದಲ್ಲಿ ಏನೇನಿದೆ?”

“ಪ್ರಶ್ನೆಗೆ ಕೌಂಟರ್ ಇಲ್ಲ.”

ಮೇಲೆ ಹೋದೆ. ಮೇಲಿನವರು ಪಕ್ಕದ ಕೋಣೆಗೆ ಕಳಿಸಿದರು, ಪಕ್ಕದವರು ಊಟಕ್ಕೆ ಹೋಗಿದ್ದರು. ಕೊನೆಗೆ ತಮ್ಮ ಸಹಾಯಕರೊಬ್ಬರು ಸಿಕ್ಕರು. “ತಜ್ಞರು ಕೂತು ಮಾಡಿರೋದು ರೀ ಅದು. ಒಳ್ಳೇದೆಲ್ಲಾ ಇದೆ. ನಿಮಗ್ಯಾಕೆ ಅಷ್ಟು ಅನುಮಾನ?” ಎಂದರು. ಅನುಮಾನ ಯಾಕೆಂದರೆ, ನನ್ನ ದೊಡ್ಡ ಮಗನೂ ಅದೇ ಶಾಲೆಯಲ್ಲಿ ಓದುತ್ತಾನೆ. ಅದರಲ್ಲಿ ಹಾಲಿನ ಪುಡಿ ಇದ್ದು, ನಾಳೆ ಅವನ ಬಟ್ಟಲಿಗೂ ಅದೇ ಬಿದ್ದರೆ, ಅವನ ಉಸಿರಿಗೆ ತಜ್ಞರು ಜವಾಬ್ದಾರರೇ? ನಾನು ಇದನ್ನು ಹೇಳುವಾಗ ದನಿ ಏರಿತು. ಸಹಾಯಕರು ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಲು ಹೇಳಿ ಒಳಗೆ ಹೋದರು. ನಾನು ಕೂರಲಿಲ್ಲ. ನಿಂತೇ ಇದ್ದದ್ದರಿಂದ ತಮ್ಮ ಕೋಣೆಯ ಅರೆತೆರೆದ ಬಾಗಿಲಿನಿಂದ ಒಳಗಿನದು ಕಂಡಿತು.

ತಮ್ಮ ಮೇಜಿನ ಮೇಲೆ ಕತ್ತರಿಸಿದ ಹಣ್ಣಿನ ತಟ್ಟೆಯೊಂದಿತ್ತು. ಅಂದವಾಗಿ ಜೋಡಿಸಿ, ಕಡ್ಡಿ ಚುಚ್ಚಿ, ನೇರವಾಗಿ ಬಾಯಿಗಿಡುವಂತೆಯೇ ಇತ್ತು. ತಾವು ಅದನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದಿರಿ. ಯಾರು ಕತ್ತರಿಸಿದರೋ, ಕೈ ತೊಳೆದಿದ್ದರೋ ಇಲ್ಲವೋ ಎಂಬಂತೆ ತಮ್ಮ ಮುಖವಿತ್ತು. ಆಮೇಲೆ ಚೀಲದಿಂದ ಒಂದು ಇಡೀ ಕಿತ್ತಳೆ ತೆಗೆದು, ತಿರುಗಿಸಿ ನೋಡಿ, ಮೂಸಿ, ಹೆಬ್ಬೆರಳಿನಿಂದ ಒತ್ತಿ, ನಿಧಾನವಾಗಿ ಸುಲಿದಿರಿ. ಸಿಪ್ಪೆಯನ್ನು ಕಡತದ ಮೇಲೆಯೇ ಇಟ್ಟಿರಿ. ದೇವರಾಣೆಗೂ ನನಗೆ ಆ ಕ್ಷಣದಲ್ಲಿ ಸಿಟ್ಟು ಬರಲಿಲ್ಲ. ಆರು ವರ್ಷದ ಇನ್‌ಸ್ಪೆಕ್ಟರಮ್ಮನೇ ಆ ಕುರ್ಚಿಯಲ್ಲಿ ಕೂತಂತೆ ಕಂಡು ನಗು ಬಂತು. ಸಿಟ್ಟು ಬಂದದ್ದು, ಒಳಗೆ ಕರೆಯುವವರಿಲ್ಲದೆ ವಾಪಸು ಮೆಟ್ಟಿಲಿಳಿಯುವಾಗ.

ಹೇಳಿ ಮಾನ್ಯರೇ, ಒಳಗೇನಿದೆ ಎಂದು ತಿಳಿಯದ ಕಡತಕ್ಕೆ ತಾವು ಸಹಿ ಹಾಕುತ್ತೀರಾ? ಯಾರೋ ರುಬ್ಬಿ ತಂದಿಟ್ಟ ಕಂದು ಬಣ್ಣದ್ದನ್ನು, ಏನಿದೆ ಎಂದು ಕೇಳಿದರೆ ಒಳ್ಳೆಯದಿದೆ ಎಂದಷ್ಟೇ ಹೇಳುವವರ ಕೈಯಿಂದ, ಬಾಯಿ ತೆರೆದು ನುಂಗುತ್ತೀರಾ? ಇಲ್ಲವೆಂದಾದರೆ ತಮ್ಮದು ಎಚ್ಚರಿಕೆ, ನನ್ನ ಮಗಳದು ಹಟ ಹೇಗಾಯಿತು? ಅವಳಿಗೆ ತರಕಾರಿಯ ಮೇಲೆ ದ್ವೇಷವಿಲ್ಲ. ಅವಳಿಗೆ ಮೋಸವಾಗಿದೆ. ತಿನ್ನುವವಳ ಕಣ್ಣಿಗೆ ಮಣ್ಣೆರಚಿ ಹೊಟ್ಟೆಗೆ ಒಳ್ಳೆಯದನ್ನು ಇಳಿಸುವ ಈ ಜಾಣತನದಲ್ಲಿ ನಾನೂ ಪಾಲುದಾರ, ಒಪ್ಪುತ್ತೇನೆ. ವ್ಯತ್ಯಾಸವಿಷ್ಟೇ, ನಾನು ನಿಲ್ಲಿಸಿದೆ. ತಾವು ಅದನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಿದ್ದೀರಿ. ಮಕ್ಕಳು ಕಾಳು ಸೊಪ್ಪು ತಿನ್ನಬೇಕೆಂಬ ತಮ್ಮ ಆಸೆ ನನ್ನದೂ ಹೌದು. ಆದರೆ ಇವತ್ತು ಗೊತ್ತಾಗದಂತೆ ತಿಂದ ಹೂಕೋಸು ನಾಳೆ ಗೊತ್ತಿದ್ದು ತಿನ್ನುವ ಹೂಕೋಸಾಗುತ್ತದೆ ಎಂದು ತಮಗೆ ಯಾರು ಹೇಳಿದರು?

ಒಬ್ಬ ಗಿರಾಕಿ ಬಂದು ಹೋದರು. ಎಲ್ಲಿದ್ದೆ? ಹಾಂ, ಹೂಕೋಸು. ಹೂಕೋಸಿನದಲ್ಲ, ಕುಂಬಳಕಾಯಿಯ ಸುದ್ದಿ ಹೇಳುತ್ತೇನೆ. ಇದೇ ಬುಧವಾರದ್ದು. ಹೆಂಡತಿ ಇಡೀ ಕುಂಬಳಕಾಯಿ ತಂದಿದ್ದಳು. ನಾನು ಕತ್ತರಿಸಲು ಕೂತಾಗ ಮಗಳು ಸ್ಟೂಲು ಎಳೆದುಕೊಂಡು ಬಂದು ಎದುರಿಗೆ ನಿಂತಳು. ಒಳಗಿನ ಬೀಜ ನೋಡಿದಳು. ಹೋಳು ಪಾತ್ರೆಗೆ ಬಿದ್ದಾಗ ನೋಡಿದಳು. ಸ್ಟೂಲು ಒಲೆಯ ಪಕ್ಕಕ್ಕೆ ಬಂತು. ಬಾಯಿ ಬಿಟ್ಟರೆ ಎಲ್ಲಿ ಹಾರಿಹೋಗುತ್ತಾಳೋ ಎಂದು ಸುಮ್ಮನೆ ಸೌಟಾಡಿಸುತ್ತಿದ್ದೆ.

“ಇದ್ರಲ್ಲಿ ಏನಿದೆ?”

“ಕುಂಬಳಕಾಯಿ. ಎಣ್ಣೆ. ಉಪ್ಪು.”

“ಇನ್ನೇನಿದೆ?”

“ಇನ್ನೇನಿಲ್ಲ ಪುಟ್ಟಿ.”

ಅವಳು ಪಾತ್ರೆಯ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡಿದಳು, ಬಗ್ಗಿ, ಹತ್ತಿರದಿಂದ, ಬಹಳ ಹೊತ್ತು. ಆಮೇಲೆ “ಒಂದು ಹೋಳು ಕೊಡು,” ಎಂದಳು. ಕೊಟ್ಟೆ. ಅಗಿದಳು. “ಚೆನ್ನಾಗಿಲ್ಲ,” ಎಂದಳು. ನುಂಗಿದಳು. ಚಪ್ಪಾಳೆ ತಟ್ಟಲು ಹೋದ ಅಮ್ಮನ ಕೈಯನ್ನು ಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡಳು.

ಚೆನ್ನಾಗಿಲ್ಲದ ಆ ಒಂದು ಹೋಳು ಪಾತ್ರೆಯಿಂದ ಅವಳ ಹೊಟ್ಟೆಗೆ ಹೋಗಲು ಎಷ್ಟು ದೂರ ಬರಬೇಕಾಯಿತು ಎಂಬುದು ತಮಗೆ ಈಗ ಗೊತ್ತು. ಸೋಮವಾರ ಅಪರಿಚಿತರೊಬ್ಬರು ಅವಳ ಪಕ್ಕ ಕೂತು, ಹೆಸರಿಲ್ಲದ ಆ ಕಂದನ್ನು ಚಮಚದಲ್ಲಿ ಅವಳ ಬಾಯಿಗೆ ತುರುಕಿದರೆ, ಅವಳು ನನ್ನ ಮುಖವನ್ನು ಮತ್ತೆಂದೂ ಹಾಗೆ ನೋಡುವುದಿಲ್ಲ. ಶಾಲೆಗೆ ಬಿಟ್ಟುಬರುವವನು ನಾನೇ ಅಲ್ಲವೇ?

ಆದ್ದರಿಂದ ಸೋಮವಾರದೊಳಗೆ ವಿಶೇಷ ಕೋಣೆಯ ಆದೇಶವನ್ನು ಹಿಂತೆಗೆದುಕೊಳ್ಳಿ. ಸಿಪ್ಪೆಯನ್ನು ಡಬ್ಬಿಯಲ್ಲೇ ವಾಪಸು ತರುವುದು ನನ್ನ ಮಗಳ ಜವಾಬ್ದಾರಿ, ಅವಳು ಒಪ್ಪಿದ್ದಾಳೆ. ಮಿಶ್ರಣದಲ್ಲಿ ಏನೇನಿದೆ ಎಂದು ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನೆತ್ತರಕ್ಕೆ, ಮಕ್ಕಳು ಓದಬಲ್ಲ ಅಕ್ಷರದಲ್ಲಿ ಬರೆಸಿ. ಬಣ್ಣ ನನ್ನ ಖರ್ಚಿನಲ್ಲಿ. ಮತ್ತು ಕೈಪಿಡಿಯ ಆ ಪುಟಗಳನ್ನು ಕಿತ್ತುಹಾಕಿ, ಆ ಜಾಗದಲ್ಲಿ ಒಂದೇ ಸಾಲು ಅಚ್ಚು ಮಾಡಿಸಿ: ಮಗು ಇದರಲ್ಲಿ ಏನಿದೆ ಎಂದು ಕೇಳಿದರೆ ಇದ್ದದ್ದನ್ನು ಹೇಳಿ. ಇಷ್ಟೂ ಆಗುವುದಿಲ್ಲವೆಂದಾದರೆ ಸೋಮವಾರ ಮಧ್ಯಾಹ್ನ ನಾನೂ ಆ ಕೋಣೆಗೆ ಬಂದು ಮಗಳ ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುತ್ತೇನೆ. ಎರಡು ಬಟ್ಟಲು ಸಿದ್ಧವಿರಲಿ.

ಇಂತಿ,
ತಮ್ಮ ಕೈಪಿಡಿಯನ್ನು ಅಕ್ಷರಶಃ ಪಾಲಿಸಿ, ಮನೆಯೊಳಗೇ ಅನುಮಾನಕ್ಕೆ ಗುರಿಯಾದ
ಒಬ್ಬ ಬಣ್ಣ ಬೆರೆಸುವವನು

ಲಗತ್ತು: ಕಡಲೆಕಾಯಿ ಒಂದು, ಬಿಡಿಸದ್ದು. ಬೆಳಿಗ್ಗೆ ಮನೆಯಲ್ಲಿ ಕಾಗದ ಎತ್ತಿಟ್ಟುಕೊಳ್ಳುವಾಗ ಯಾರಿಗೆ ಬರೀತೀಯ ಎಂದು ಮಗಳು ಕೇಳಿದಳು, ಇದ್ದದ್ದನ್ನು ಹೇಳಿದೆ. ಬುಟ್ಟಿಯಲ್ಲಿ ಹುಡುಕಿ, ತೂತಿಲ್ಲದ್ದನ್ನು ಅವಳೇ ಆರಿಸಿ ಕೊಟ್ಟಿದ್ದಾಳೆ. “ಅವ್ರಿಗೆ ಹೇಳು, ಇದ್ರಲ್ಲಿ ನಾವೇನೂ ಬೆರೆಸಿಲ್ಲ. ಬೇಕಾದ್ರೆ ಅವ್ರೇ ಬಿಡಿಸಿ ನೋಡ್ಲಿ.”